ಒಡೆದ ಕೋವಿಯಿಂದ ರಿಗ್ಬಿ ರೈಫಲ್‌ವರೆಗೆ: ಬೇಟೆಗಾರ ಜಿಮ್ ಕಾರ್ಬೆಟ್ ಬದುಕು

ನರಭಕ್ಷಕ ಹುಲಿಗಳ ಬೇಟೆಯಿಂದ ಜಗತ್ತಿಗೆ ಪರಿಚಿತರಾದ ಜಿಮ್ ಕಾರ್ಬೆಟ್ ಕೈಗೆ ಬಂದ ಮೊದಲ ಕೋವಿ ಅರ್ಧ ಕೆಟ್ಟದ್ದು. ಜೋಡುನಳಿಗೆಯ ಆ ಕೇಪಿನ ಕೋವಿಯಲ್ಲಿ ಒಂದು ನಳಿಗೆ ಸೀಳಿ ಹೋಗಿತ್ತು. ಮರದ ಹಿಡಿ ಕಳಚದಂತೆ ತಂತಿ ಸುತ್ತಿ ಬಿಗಿಯಲಾಗಿತ್ತು. ಹೊಸದಾಗಿ ಬೇಟೆ ಕಲಿಯುವವರಿಗೆ ಯಾವ ಕ್ಯಾಲಿಬರ್, ಯಾವ ರೈಫಲ್ ಸೂಕ್ತ ಎಂಬ ಚರ್ಚೆ ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ ಇಂದಿಗೂ ನಡೆಯುತ್ತದೆ. ಕಾರ್ಬೆಟ್ ಬದುಕಿನಲ್ಲಿ ಈ ಪ್ರಶ್ನೆಗೆ ಉತ್ತರ ಹಂತ ಹಂತವಾಗಿ ಸಿಗುತ್ತದೆ.

ಕಾರ್ಬೆಟ್ ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲ್‌ನಲ್ಲಿ. ತಂದೆ ಅಲ್ಲಿ ಪೋಸ್ಟ್‌ಮಾಸ್ಟರ್. ಚಳಿಗಾಲ ಬಂತೆಂದರೆ ಕುಟುಂಬ ಬೆಟ್ಟದಡಿಯ ಕಾಲಾಢುಂಗಿಗೆ ಇಳಿಯುತ್ತಿತ್ತು. ತಂದೆ ಬೇಗ ತೀರಿಕೊಂಡರು. ತುಂಬು ಕುಟುಂಬವನ್ನು ತಾಯಿ ಮೇರಿ ಜೇನ್ ನಡೆಸಿದರು. ಹುಡುಗ ಮಾತ್ರ ಕಾಡಿನಲ್ಲೇ ಬೆಳೆದ. ಮೊದಲು ಕವಣೆ, ನಂತರ ಬಿಲ್ಲು, ಆಮೇಲೆ ಆ ಒಡೆದ ಕೋವಿ. ಸರಿಯಿದ್ದದ್ದು ಒಂದೇ ನಳಿಗೆ. ಒಂದು ಈಡು ತಪ್ಪಿದರೆ ಮತ್ತೆ ಮದ್ದು ತುಂಬಿ ಜಡಿಯಬೇಕು, ಅಷ್ಟರಲ್ಲಿ ಪ್ರಾಣಿ ಪರಾರಿ. ಹೀಗಾಗಿ ಹತ್ತಿರ ಹೋಗದೆ, ಗುರಿ ಖಚಿತವಾಗದೆ ಗುಂಡು ಹಾರಿಸಬಾರದು ಎಂಬುದು ಬಾಲ್ಯದಲ್ಲೇ ರೂಢಿಯಾಯಿತು. ಊರಿನ ಹೆಸರಾಂತ ಕಳ್ಳಬೇಟೆಗಾರ ಕುನ್ವರ್ ಸಿಂಗ್ ಮರ ಹತ್ತುವುದರಿಂದ ಹಿಡಿದು ಕಾಡಿನ ಒಳಗುಟ್ಟುಗಳನ್ನೆಲ್ಲ ಹೇಳಿಕೊಟ್ಟರು.

ಒದೆಯುವ ಮಾರ್ಟಿನಿ

ಹತ್ತರ ಆಸುಪಾಸಿನಲ್ಲಿ, ನೈನಿತಾಲ್‌ನ ಕೆಡೆಟ್ ದಳದಲ್ಲಿದ್ದಾಗ, .450 ಮಾರ್ಟಿನಿ ರೈಫಲ್ ಅವರ ಕೈಗೆ ಬಂತು. ಒಂದು ಸಲಕ್ಕೆ ಒಂದೇ ತೋಟಾ ಹಾಕಬಹುದಾದ ಈ ರೈಫಲ್ ಗುಂಡು ಹಾರಿದಾಗ ಭುಜಕ್ಕೆ ಬಲವಾಗಿ ಒದೆಯುತ್ತಿತ್ತು. ಆ ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಮೈ ಬಿಗಿದುಕೊಂಡರೆ ಗುರಿ ತಪ್ಪುತ್ತದೆ. ಹೊಸಬರಿಗೆ ದೊಡ್ಡ ಕ್ಯಾಲಿಬರ್ ಬೇಡ ಎನ್ನುವುದಕ್ಕೆ ಮುಖ್ಯ ಕಾರಣವೂ ಇದೇ. ಬಾಲಕ ಕಾರ್ಬೆಟ್ ಆ ಒದೆತವನ್ನು ಸಹಿಸಿ ಕಲಿತರು. ತಮ್ಮ ಮೊದಲ ಚಿರತೆಯನ್ನು ಹೊಡೆದದ್ದು ಇದೇ ರೈಫಲ್‌ನಿಂದ.

ಶಾಲೆ ಮುಗಿಸಿದ ಮೇಲೆ ಬಂಗಾಳ ಮತ್ತು ವಾಯವ್ಯ ರೈಲ್ವೆಯ ಕೆಲಸಕ್ಕೆ ಸೇರಿದರು. ಬಿಹಾರದ ಮೊಕಾಮೆ ಘಾಟ್‌ನಲ್ಲಿ ಗಂಗಾನದಿ ದಾಟಿಸುವ ಸರಕಿನ ಉಸ್ತುವಾರಿ ಹೊತ್ತು ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದರು.

ಮೂರೇ ಮೂರು ತೋಟಾ

1907ರಲ್ಲಿ ಚಂಪಾವತ್‌ನ ಹೆಣ್ಣು ಹುಲಿಯನ್ನು ಕೊಲ್ಲುವ ಹೊಣೆ ಅವರ ಮೇಲೆ ಬಿತ್ತು. ನೇಪಾಳ ಮತ್ತು ಕುಮಾವೂನ್‌ನಲ್ಲಿ ಅದು ಬಲಿ ಪಡೆದವರ ಲೆಕ್ಕ 436. ಕಾರ್ಬೆಟ್ ಬಳಿ ಇದ್ದದ್ದು .500 ರೈಫಲ್ ಮತ್ತು ಮೂರೇ ತೋಟಾ. ಅವು ಮುಗಿದರೂ ಹುಲಿ ಸಾಯಲಿಲ್ಲ. ಜೊತೆಗಿದ್ದ ತಹಶೀಲ್ದಾರರ ಕೋವಿಯನ್ನು ಪಡೆದು, ಹತ್ತಿರ ಹೋಗಿ ಕೊನೆಯ ಗುಂಡು ಹಾರಿಸಬೇಕಾಯಿತು.

ಈ ಸಾಹಸಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜೆ.ಪಿ. ಹೆವೆಟ್ ನೀಡಿದ ಬಹುಮಾನವೇ .275 ರಿಗ್ಬಿ ರೈಫಲ್. ಅದರ ಕ್ಯಾಲಿಬರ್ ಮೌಸರ್‌ನ 7x57 ಮಿ.ಮೀ. ತೋಟಾಕ್ಕೆ ರಿಗ್ಬಿ ಕಂಪನಿ ಇಟ್ಟ ಹೆಸರು. ತೂಕ ಕಡಿಮೆ, ಒದೆತ ಕಡಿಮೆ, ಗುರಿ ನಿಖರ. ಜಿಂಕೆಯಂಥ ಪ್ರಾಣಿಗಳ ಬೇಟೆಗೆ ಇಂದಿಗೂ ಹೊರದೇಶಗಳಲ್ಲಿ ಹೊಸಬರಿಗೆ ಹೇಳುವ ಕ್ಯಾಲಿಬರ್‌ಗಳಲ್ಲಿ ಇದೂ ಒಂದು. ಬೆಟ್ಟದ ಕಾಲುದಾರಿಗಳಲ್ಲಿ ದಿನಗಟ್ಟಲೆ ನಡೆಯುತ್ತಿದ್ದ ಕಾರ್ಬೆಟ್‌ಗೆ ಇಂಥ ಹಗುರ ರೈಫಲ್ ಹೇಳಿ ಮಾಡಿಸಿದಂತಿತ್ತು. 125 ಜನರನ್ನು ಕೊಂದಿದ್ದ ರುದ್ರಪ್ರಯಾಗದ ಚಿರತೆ 1926ರ ಮೇ ತಿಂಗಳಲ್ಲಿ ಉರುಳಿದ್ದು ಈ ರೈಫಲ್‌ಗೇ. ಆ ಕಥೆಯನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. ಮುಂದೆ ಹುಲಿ ಬೇಟೆಗೆ .450/400 ಜೋಡುನಳಿಗೆ ರೈಫಲ್ ಕೂಡ ಅವರ ಜೊತೆಗಿತ್ತು. ಗಾಯಗೊಂಡ ಹುಲಿ ಮೈಮೇಲೆ ಬಿದ್ದರೆ ಹಗುರ ಗುಂಡನ್ನು ನಂಬಿ ಕೂರುವಂತಿರಲಿಲ್ಲ. ಪ್ರಾಣಿ ಯಾವುದು, ಹೊಡೆಯುವ ದೂರ ಎಷ್ಟು ಎಂಬುದರ ಮೇಲೆ ಆಯ್ಕೆ ಬದಲಾಗುತ್ತಿತ್ತು.

ಕೋವಿ ಬಿಟ್ಟು ಕ್ಯಾಮೆರಾ

ವಯಸ್ಸಾದಂತೆ ಕಾರ್ಬೆಟ್ ಮೋಜಿಗಾಗಿ ಕೊಲ್ಲುವುದನ್ನು ವಿರೋಧಿಸಿದರು. ಅರಣ್ಯಾಧಿಕಾರಿ ಎಫ್.ಡಬ್ಲ್ಯೂ. ಚಾಂಪಿಯನ್ ತೆಗೆದ ಹುಲಿ ಚಿತ್ರಗಳಿಂದ ಪ್ರೇರಿತರಾಗಿ ತಾವೂ ಸಿನಿ ಕ್ಯಾಮೆರಾ ಹಿಡಿದರು. ಹಳ್ಳಿಗರ ಪ್ರಾಣಕ್ಕೆ ಕುತ್ತು ಬಂದಾಗ ಮಾತ್ರ ಕೋವಿ ಹೆಗಲೇರುತ್ತಿತ್ತು. 1936ರಲ್ಲಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಲು ಅವರೂ ಶ್ರಮಿಸಿದ್ದರು.

1947ರಲ್ಲಿ ಅಕ್ಕ ಮ್ಯಾಗಿ ಜೊತೆ ಕೀನ್ಯಾಕ್ಕೆ ತೆರಳಿದ ಕಾರ್ಬೆಟ್ 1955ರ ಏಪ್ರಿಲ್ 19ರಂದು ನೈರಿಯಲ್ಲಿ ನಿಧನರಾದರು. ಬಹುಮಾನದ ರೈಫಲ್ ದಶಕಗಳ ನಂತರ ಅದನ್ನು ತಯಾರಿಸಿದ ರಿಗ್ಬಿ ಕಂಪನಿಗೇ ಮರಳಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅವರು ಓಡಾಡಿದ ಕಾಡು ಈಗ ಅವರದೇ ಹೆಸರಿನ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಗೆ ಬರುವ ಪ್ರವಾಸಿಗರ ಹೆಗಲಲ್ಲಿ ಇರುವುದು ಕ್ಯಾಮೆರಾ ಮಾತ್ರ.