ಹಸ್ತಶುದ್ಧಿಯನ್ನು ಸಾರಿದ ವೈದ್ಯ ಸೆಮ್ಮೆಲ್ವೈಸ್

ಉಣ್ಣುವ ಮುನ್ನ ಕೈ ತೊಳೆಯುವುದು, ಪೂಜೆಗೆ ಮುನ್ನ ಮೀಯುವುದು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲ ಆಚಾರ. ಆದರೆ ರೋಗಿಯನ್ನು ಮುಟ್ಟುವ ಮುನ್ನ ವೈದ್ಯನು ಕೈಯನ್ನು ಶುದ್ಧಿಗೊಳಿಸಬೇಕೆಂಬ ಮಾತು ಒಂದು ಕಾಲದಲ್ಲಿ ಯೂರೋಪಿನ ಅನೇಕ ವಿದ್ವಾಂಸರಿಗೆ ಅಸಂಗತವಾಗಿ ತೋರಿತ್ತು. ಆ ಮಾತಿಗಾಗಿ ಬಾಳನ್ನೇ ಸವೆಸಿದವರು ಇಗ್ನಾಟ್ಸ್ ಸೆಮ್ಮೆಲ್ವೈಸ್ ಮಹಾಶಯರು.

ಇವರು ಹಂಗೇರಿ ದೇಶದ ಬುಡಾ ನಗರದಲ್ಲಿ 1818ನೆಯ ಇಸವಿ ಜುಲೈ 1ರಂದು ದಿನಸಿ ವರ್ತಕನೊಬ್ಬನ ಮಗನಾಗಿ ಜನಿಸಿದರು. ನ್ಯಾಯಶಾಸ್ತ್ರವನ್ನು ಕಲಿಯಲೆಂದು ವಿಯೆನ್ನಾ ನಗರಕ್ಕೆ ಹೋದವರು ವೈದ್ಯಶಾಸ್ತ್ರಕ್ಕೆ ಒಲಿದು, 1844ರಲ್ಲಿ ಪದವಿಯನ್ನು ಪಡೆದು, 1846ರಲ್ಲಿ ಅಲ್ಲಿಯ ದೊಡ್ಡಾಸ್ಪತ್ರೆಯ ಹೆರಿಗೆಯ ವಿಭಾಗದಲ್ಲಿ ಸಹಾಯಕರಾದರು.

ಅಲ್ಲಿ ಹೆರಿಗೆಯ ಶಾಲೆಗಳು ಎರಡಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಶಿಕ್ಷಣ ಪಡೆಯುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ ಹೆತ್ತ 4010 ತಾಯಂದಿರಲ್ಲಿ 459 ಮಂದಿ ಮೃತರಾದರು. ಎರಡನೆಯದರಲ್ಲಿ 3754 ಮಂದಿಯಲ್ಲಿ 105 ಮಾತ್ರ. ಬಾಣಂತಿನಂಜೆಂದು ನಮ್ಮ ಜನರು ಕರೆಯುವ ಸೂತಿಕಾಜ್ವರವೇ ಈ ಮರಣಗಳಿಗೆ ಮುಖ್ಯ ಕಾರಣವಾಗಿತ್ತು. ತಮ್ಮನ್ನು ಮೊದಲನೆಯ ಶಾಲೆಗೆ ಸೇರಿಸಬೇಡಿರೆಂದು ಬಡ ಗರ್ಭಿಣಿಯರು ಅಂಗಲಾಚಿ ಬೇಡುತ್ತಿದ್ದರು. ಕೆಟ್ಟ ಗಾಳಿಯೇ ಕಾರಣವೆಂದು ಪಂಡಿತರು ಹೇಳುತ್ತಿದ್ದರು. ಒಂದೇ ಆಸ್ಪತ್ರೆಯ ಗಾಳಿ ಒಂದು ಶಾಲೆಯಲ್ಲಿ ವಿಷವೂ ಇನ್ನೊಂದರಲ್ಲಿ ನಿರ್ವಿಷವೂ ಆಗುವುದೆಂತು? ಈ ಪ್ರಶ್ನೆ ಸೆಮ್ಮೆಲ್ವೈಸರ ನಿದ್ರೆಯನ್ನು ಕೆಡಿಸಿತು.

1847ರ ಮಾರ್ಚಿಯಲ್ಲಿ ಅವರ ಮಿತ್ರರಾದ ಕೊಲೆಟ್ಷ್ಕಾ ಎಂಬ ಆಚಾರ್ಯರು, ಶವಪರೀಕ್ಷೆಯ ಕಾಲದಲ್ಲಿ ತಗುಲಿದ ಕತ್ತಿಯ ಗಾಯದಿಂದ ನಂಜೇರಿ ತೀರಿಕೊಂಡರು. ಅವರ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಯರ ದೇಹದಲ್ಲಿ ಕಂಡವುಗಳಂತೆಯೇ ಇದ್ದವು. ಆಗ ಸತ್ಯವು ಹೊಳೆಯಿತು. ವೈದ್ಯರು ಶವಗಳನ್ನು ಕೊಯ್ದ ಕೈಗಳಿಂದಲೇ ಹೆರಿಗೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವಚ್ಛೇದನದ ಕೆಲಸವಿರಲಿಲ್ಲ. ಕೊಲ್ಲುವ ಕೈಗಳಲ್ಲಿ ತಮ್ಮವೂ ಸೇರಿದ್ದವೆಂಬುದನ್ನು ಅವರು ಮರೆಮಾಚಲಿಲ್ಲ. ಮೇ ತಿಂಗಳಿನಿಂದ ಎಲ್ಲರೂ ಚಲುವೆಪುಡಿಯ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದರು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜುಲೈಯಲ್ಲಿ 1ರ ಸಮೀಪಕ್ಕೆ ಇಳಿಯಿತು.

ಆದರೂ ಮನ್ನಣೆ ದೊರೆಯಲಿಲ್ಲ. ತಮ್ಮ ಕೈಯೇ ಮೃತ್ಯುವನ್ನು ಹೊತ್ತು ತಂದಿತೆಂದು ಒಪ್ಪಲು ಅನೇಕರ ಅಹಂಕಾರವು ಬಿಡಲಿಲ್ಲ. ಸೆಮ್ಮೆಲ್ವೈಸರಲ್ಲಿಯೂ ದೋಷಗಳಿದ್ದವು: ಗ್ರಂಥವನ್ನು ಬಹುಕಾಲ ಬರೆಯದೆ ತಡಮಾಡಿದರು, ಬರೆದ ಮೇಲೆ ಎದುರಾಳಿಗಳನ್ನು ಕಟುಪತ್ರಗಳಿಂದ ನಿಂದಿಸಿದರು. 1849ರಲ್ಲಿ ಹುದ್ದೆಯನ್ನು ಕಳೆದುಕೊಂಡು, ಮರುವರ್ಷ ಪೆಷ್ಟ್ ನಗರಕ್ಕೆ ಮರಳಿ, ಅಲ್ಲಿಯ ಆಸ್ಪತ್ರೆಯಲ್ಲಿಯೂ ತಾಯಂದಿರನ್ನು ಉಳಿಸಿದರು. ಕೊನೆಗೆ ಚಿತ್ತಸ್ವಾಸ್ಥ್ಯವು ಕೆಟ್ಟು, 1865ರಲ್ಲಿ ವಿಯೆನ್ನಾದ ಹುಚ್ಚಾಸ್ಪತ್ರೆಯನ್ನು ಸೇರಿ, ಆಗಸ್ಟ್ 13ರಂದು, 47ನೆಯ ವಯಸ್ಸಿನಲ್ಲಿ, ಗಾಯದ ನಂಜಿನಿಂದಲೇ ದೇಹವನ್ನು ಬಿಟ್ಟರು. ಮುಂದೆ ಪಾಸ್ತರ್ ಮತ್ತು ಲಿಸ್ಟರರ ಸಂಶೋಧನೆಗಳಿಂದ ಅವರ ವಾದವು ಸ್ಥಿರಪಟ್ಟಿತು. 1969ರಲ್ಲಿ ಬುಡಾಪೆಸ್ಟಿನ ವೈದ್ಯವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಟ್ಟರು.

ಭಕ್ತಬಾಂಧವರೇ, ಜನನಸೂತಕವನ್ನು ಶರಣರು ಒಪ್ಪಲಿಲ್ಲ. ಬಾಣಂತಿಯನ್ನು ಮುಟ್ಟಿದವನು ಮೈಲಿಗೆಯಾಗುವನೆಂಬ ಮಾತು ಹುಸಿ. ಆದರೆ ಮುಟ್ಟುವವನ ಕೊಳೆಯು ಅವಳ ಪ್ರಾಣವನ್ನೇ ಕೊಂಡೀತೆಂಬುದು ದಿಟ. ಸೂತಕವನ್ನು ಬಿಟ್ಟೆವೆಂದು ಶೌಚವನ್ನು ಬಿಡಬಾರದು. ತೊಟ್ಟಿಲಿನ ಬಳಿಗೆ ಹೋಗುವ ಮುನ್ನ ಕೈ ತೊಳೆಯುವುದು ಮಡಿಯಲ್ಲ, ದಯೆ.