ಮಂಜಿನ ಬೆಟ್ಟದಲ್ಲಿ ಹದಿನೆಂಟು ವರ್ಷ: ಗೊರಿಲ್ಲಾಗಳ ಸಂಶೋಧಕಿ ಡಯಾನ್ ಫಾಸಿ

ಪ್ರತಿ ವರ್ಷ ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ನಮ್ಮ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ಒಂದಿಬ್ಬರು ಮಕ್ಕಳು ತಲೆ ತಗ್ಗಿಸಿ ನಿಂತಿರುತ್ತಾರೆ. ವಿಜ್ಞಾನದಲ್ಲಿ ಅಂಕ ಕಡಿಮೆ ಬಂದಿದೆ, ಇನ್ನು ಬಯಸಿದ ದಾರಿ ಮುಚ್ಚಿಹೋಯಿತು ಎಂಬ ದುಃಖ ಅವರ ಮುಖದಲ್ಲಿ ಕಾಣುತ್ತದೆ. ಅಂಥವರಿಗೆ ನಾನು ಒಬ್ಬ ಮಹಿಳೆಯ ಕಥೆ ಹೇಳುತ್ತೇನೆ. ಆ ಮಹಿಳೆ ಕಾಲೇಜಿನಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಅನುತ್ತೀರ್ಣರಾದವರು. ಆದರೂ ಮುಂದೆ ಜಗತ್ತಿನ ಪ್ರಸಿದ್ಧ ವನ್ಯಜೀವಿ ವಿಜ್ಞಾನಿಗಳ ಸಾಲಿನಲ್ಲಿ ನಿಂತರು. ಅವರೇ ಡಯಾನ್ ಫಾಸಿ. ಈ ಬಾರಿ ಅವರ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅವರ ಸಾಧನೆಯ ಜೊತೆಗೆ ಅವರ ತಪ್ಪುಗಳನ್ನೂ ಹೇಳುತ್ತೇನೆ. ಎರಡರಿಂದಲೂ ನಾವು ಕಲಿಯುವುದಿದೆ.

ಬಾಲ್ಯ ಮತ್ತು ಶಿಕ್ಷಣ

ಡಯಾನ್ ಫಾಸಿಯವರು 1932ರ ಜನವರಿ 16ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದರು. ಚಿಕ್ಕ ವಯಸ್ಸಿನಲ್ಲಿಯೇ ತಂದೆ ತಾಯಿ ಬೇರೆಯಾದರು. ತಾಯಿ ಮರುಮದುವೆಯಾದರು. ಮಲತಂದೆ ಬಹಳ ಶಿಸ್ತಿನ ಮನುಷ್ಯ. ಮಗು ದೊಡ್ಡವರ ಜೊತೆ ಊಟಕ್ಕೆ ಕೂರುವಂತಿರಲಿಲ್ಲ. ಹತ್ತು ವರ್ಷದವರೆಗೆ ಡಯಾನ್ ಮನೆಗೆಲಸದವರ ಜೊತೆ ಅಡುಗೆಮನೆಯಲ್ಲಿ ಊಟ ಮಾಡಿ ಬೆಳೆದರು. ಆ ಒಂಟಿತನದಲ್ಲಿ ಅವರಿಗೆ ಸಂಗಾತಿಯಾದದ್ದು ಪ್ರಾಣಿಗಳು. ಆರನೇ ವಯಸ್ಸಿನಿಂದಲೇ ಕುದುರೆ ಸವಾರಿ ಕಲಿತರು.

ಪಶುವೈದ್ಯರಾಗಬೇಕೆಂಬುದು ಅವರ ಆಸೆ. ಅದಕ್ಕೆ ಬೇಕಾದ ಪದವಿ ತರಗತಿಗೂ ಸೇರಿದರು. ಆದರೆ ಮೇಲೆ ಹೇಳಿದಂತೆ ಎರಡು ವಿಷಯಗಳು ಕೈಕೊಟ್ಟವು. ಡಯಾನ್ ಓದು ಬಿಟ್ಟು ಮನೆಯಲ್ಲಿ ಕೂರಲಿಲ್ಲ. ಸ್ಯಾನ್ ಹೊಸೆಯ ಕಾಲೇಜಿಗೆ ಬದಲಾಯಿಸಿಕೊಂಡು, ಅಂಗವಿಕಲರಿಗೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸಾ ಶಿಕ್ಷಣದಲ್ಲಿ 1954ರಲ್ಲಿ ಪದವಿ ಪಡೆದರು. ನಂತರ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಲಾಗದ, ಅಪರಿಚಿತರನ್ನು ಕಂಡರೆ ಹೆದರುವ ಮಕ್ಕಳ ಪಕ್ಕದಲ್ಲಿ ಗಂಟೆಗಟ್ಟಲೆ ಸುಮ್ಮನೆ ಕುಳಿತು ಅವರ ವಿಶ್ವಾಸ ಗಳಿಸುವುದೇ ಆ ಕೆಲಸದ ಮೊದಲ ಪಾಠ. ಮುಂದೆ ಕಾಡಿನಲ್ಲಿ ಅವರಿಗೆ ನೆರವಾದದ್ದು ಇದೇ ವಿದ್ಯೆ ಎಂದು ನನ್ನ ನಂಬಿಕೆ. ಕಲಿತ ಯಾವ ವಿದ್ಯೆಯೂ ವ್ಯರ್ಥವಲ್ಲ.

ಸಾಲ ಮಾಡಿ ಆಫ್ರಿಕಾಕ್ಕೆ

ಆಫ್ರಿಕಾದ ಕಾಡುಗಳನ್ನು ನೋಡಬೇಕೆಂಬ ಹಂಬಲ ಅವರಲ್ಲಿ ಬೆಳೆಯಿತು. ಕೈಯಲ್ಲಿ ಹಣವಿರಲಿಲ್ಲ. 1963ರಲ್ಲಿ ಬ್ಯಾಂಕಿನಿಂದ ಸಾಲ ಪಡೆದು ಏಳು ವಾರಗಳ ಪ್ರವಾಸಕ್ಕೆ ಹೊರಟರು. ತಾಂಜಾನಿಯಾದ ಓಲ್ಡುವಾಯಿ ಕಣಿವೆಯಲ್ಲಿ ಆದಿಮಾನವನ ಪಳೆಯುಳಿಕೆಗಳನ್ನು ಅಗೆಯುತ್ತಿದ್ದ ಪ್ರಸಿದ್ಧ ವಿಜ್ಞಾನಿ ಲೂಯಿ ಲೀಕಿಯವರನ್ನು ಭೇಟಿಯಾದರು. ಅಲ್ಲಿಯೇ ಕಾಲು ಜಾರಿ ಬಿದ್ದು ಪಾದ ಉಳುಕಿತು. ಆ ಉಳುಕಿದ ಕಾಲಿನಲ್ಲಿಯೇ ಕಾಂಗೋ ದೇಶದ ಮಿಕೆನೋ ಪರ್ವತವನ್ನು ಹತ್ತಿ, ಕಬರಾ ಎಂಬ ಹುಲ್ಲುಗಾವಲಿನ ಬಳಿ ಮೊದಲ ಬಾರಿಗೆ ಬೆಟ್ಟದ ಗೊರಿಲ್ಲಾಗಳನ್ನು ಕಂಡರು.

1966ರಲ್ಲಿ ಲೀಕಿಯವರು ಲೂಯಿವಿಲ್‌ಗೆ ಉಪನ್ಯಾಸ ನೀಡಲು ಬಂದಾಗ ಡಯಾನ್ ಅವರನ್ನು ಮತ್ತೆ ಕಂಡರು. ಜೇನ್ ಗುಡಾಲ್ ಅವರನ್ನು ಚಿಂಪಾಂಜಿಗಳ ಅಧ್ಯಯನಕ್ಕೆ ಕಳುಹಿಸಿದ್ದವರೂ ಇದೇ ಲೀಕಿಯವರು. ಗೊರಿಲ್ಲಾಗಳ ಅಧ್ಯಯನಕ್ಕೆ ಡಯಾನ್ ತಕ್ಕವರೆಂದು ಅವರಿಗೆ ಅನ್ನಿಸಿತು. ಆದರೆ ವೈದ್ಯರೇ ಇಲ್ಲದ ಬೆಟ್ಟಕ್ಕೆ ಹೋಗುವ ಮೊದಲು ಅಪೆಂಡಿಕ್ಸ್ ತೆಗೆಸಿಕೊಳ್ಳುವುದು ಒಳಿತೆಂದು ಸೂಚಿಸಿದರು. ಡಯಾನ್ ನಿಜವಾಗಿಯೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದರೆ ಲೀಕಿಯವರ ಪತ್ರ ಕಾದಿತ್ತು. ಅದರ ಅಗತ್ಯವೇನೂ ಇರಲಿಲ್ಲ, ಮನಸ್ಸಿನ ದೃಢತೆಯನ್ನು ಪರೀಕ್ಷಿಸಲೆಂದೇ ಹಾಗೆ ಹೇಳಿದ್ದು ಎಂದು ಅದರಲ್ಲಿ ಬರೆದಿದ್ದರು! ಆಗ ಡಯಾನ್ ಅವರಿಗೆ 34 ವರ್ಷ. ಪ್ರಾಣಿಶಾಸ್ತ್ರದಲ್ಲಿ ಯಾವ ಪದವಿಯೂ ಇರಲಿಲ್ಲ. ಜೊತೆಗೆ ಎತ್ತರದ ಜಾಗವೆಂದರೆ ಭಯ, ದುರ್ಬಲ ಶ್ವಾಸಕೋಶ.

ಕರಿಸೋಕೆ ಕೇಂದ್ರ

1967ರ ಜನವರಿಯಲ್ಲಿ ಕಬರಾದಲ್ಲಿ ಡೇರೆ ಹಾಕಿ ಕೆಲಸ ಆರಂಭಿಸಿದರು. ಅಲ್ಲಿ 1959-60ರಲ್ಲಿ ಜಾರ್ಜ್ ಷಾಲರ್ ಎಂಬ ವಿಜ್ಞಾನಿ ಗೊರಿಲ್ಲಾಗಳ ಅಧ್ಯಯನ ನಡೆಸಿದ್ದರು. ಅವರೊಂದಿಗೆ ಕೆಲಸ ಮಾಡಿದ್ದ ಸಾನ್ವೆಕ್ವೆ ಎಂಬ ಸ್ಥಳೀಯರು ಡಯಾನ್ ಅವರಿಗೆ ಜಾಡು ಹಿಡಿಯುವುದನ್ನು ಕಲಿಸಿದರು. ಮುರಿದ ಎಲೆ, ಒತ್ತಿದ ಹುಲ್ಲು, ಹಸಿ ಲದ್ದಿ, ರಾತ್ರಿ ಮಲಗಲು ಗೊರಿಲ್ಲಾಗಳು ಸೊಪ್ಪಿನಿಂದ ಹೆಣೆಯುವ ಗೂಡು, ಇವೆಲ್ಲವನ್ನೂ ಓದಲು ಕಲಿತರು. ಯಾವ ವಿಶ್ವವಿದ್ಯಾಲಯದಲ್ಲಿಯೂ ಸಿಗದ ಪಾಠ ಅದು.

ಆರು ತಿಂಗಳಲ್ಲಿ ಕಾಂಗೋದಲ್ಲಿ ದಂಗೆ ಹೊತ್ತಿಕೊಂಡಿತು. ಸೈನಿಕರು ಅವರನ್ನು ಬೆಟ್ಟದಿಂದ ಇಳಿಸಿ ಕಾವಲಿನಲ್ಲಿಟ್ಟರು. ಡಯಾನ್ ಉಪಾಯದಿಂದ ಗಡಿ ದಾಟಿ ಉಗಾಂಡಾ ಸೇರಿದರು. ಬೇರೆಯವರಾಗಿದ್ದರೆ ಮೊದಲ ವಿಮಾನ ಹತ್ತಿ ತಾಯ್ನಾಡಿಗೆ ಮರಳುತ್ತಿದ್ದರೇನೋ. ಡಯಾನ್ ಅದೇ ಪರ್ವತಸಾಲಿನ ಇನ್ನೊಂದು ಬದಿಗೆ, ರುವಾಂಡಾ ದೇಶಕ್ಕೆ ಹೋದರು. 1967ರ ಸೆಪ್ಟೆಂಬರ್ 24ರಂದು ಕರಿಸಿಂಬಿ ಮತ್ತು ವಿಸೋಕೆ ಎಂಬ ಎರಡು ಜ್ವಾಲಾಮುಖಿ ಪರ್ವತಗಳ ನಡುವೆ, ಸುಮಾರು 3,000 ಮೀಟರ್ ಎತ್ತರದಲ್ಲಿ ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಎರಡೂ ಪರ್ವತಗಳ ಹೆಸರು ಸೇರಿಸಿ ಅದಕ್ಕೆ ಕರಿಸೋಕೆ ಎಂದು ಹೆಸರಿಟ್ಟರು.

ಅಲ್ಲಿನ ಬದುಕು ಸುಲಭವಾಗಿರಲಿಲ್ಲ. ಸದಾ ಮಂಜು, ಮಳೆ, ಚಳಿ. ಮೊಣಕಾಲಿನವರೆಗೆ ಕೆಸರು. ಮೈಗೆ ತಾಗಿದರೆ ಉರಿಯುವ ಆಳೆತ್ತರದ ತುರಚೆ ಗಿಡಗಳು. ಅಕ್ಕಿ, ಸೀಮೆಎಣ್ಣೆ, ಪತ್ರ, ಎಲ್ಲವನ್ನೂ ಕೂಲಿಯವರು ಹೊತ್ತು ಬೆಟ್ಟ ಹತ್ತಬೇಕು. ಹಗಲೆಲ್ಲಾ ಗೊರಿಲ್ಲಾಗಳ ಹಿಂದೆ ಅಲೆದಾಟ, ರಾತ್ರಿ ಲಾಂದ್ರದ ಬೆಳಕಿನಲ್ಲಿ ಟಿಪ್ಪಣಿಗಳನ್ನು ಟೈಪ್ ಮಾಡುವುದು. ಹೀಗೆ ಒಂದಲ್ಲ ಎರಡಲ್ಲ, ಹದಿನೆಂಟು ವರ್ಷ!

ಸಹನೆಯ ವಿಜ್ಞಾನ

ನಿಮ್ಮಲ್ಲಿ ಕೆಲವರು ಮೈಸೂರು ಮೃಗಾಲಯದಲ್ಲಿ ಗೊರಿಲ್ಲಾ ನೋಡಿರಬಹುದು. ಅಲ್ಲಿಗೆ 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಬಂದವು. ಅವು ಪಶ್ಚಿಮ ಆಫ್ರಿಕಾದ ತಗ್ಗು ಕಾಡಿನ ಜಾತಿಯವು. ಡಯಾನ್ ಅಧ್ಯಯನ ಮಾಡಿದ ಬೆಟ್ಟದ ಗೊರಿಲ್ಲಾಗಳು ಮೃಗಾಲಯಗಳಲ್ಲಿ ಬದುಕಿ ಉಳಿದಿಲ್ಲ. ಅವುಗಳನ್ನು ಉಳಿಸುವುದಾದರೆ ಅವುಗಳ ಕಾಡಿನಲ್ಲಿಯೇ ಉಳಿಸಬೇಕು.

ಅಂದಿನ ಜನರ ಮನಸ್ಸಿನಲ್ಲಿ ಗೊರಿಲ್ಲಾ ಎಂದರೆ ಎದೆ ಬಡಿದುಕೊಂಡು ಮನುಷ್ಯನ ಮೇಲೆರಗುವ ರಾಕ್ಷಸ. ನಿಜವಾಗಿ ಅದು ಸೊಪ್ಪು, ಕಾಂಡ, ಬಿದಿರಿನ ಕಳಲೆ ತಿಂದು ಕುಟುಂಬದೊಡನೆ ಬಾಳುವ ಪ್ರಾಣಿ. ಬೆನ್ನಿನ ಮೇಲೆ ಬೆಳ್ಳಿ ಬಣ್ಣದ ಕೂದಲು ಬಂದ ಪ್ರೌಢ ಗಂಡು ಗುಂಪಿನ ಯಜಮಾನ. ಅಪರಿಚಿತರನ್ನು ಕಂಡರೆ ಅವು ಕಿರುಚಿ ಓಡಿಹೋಗುತ್ತಿದ್ದವು. ಡಯಾನ್ ಏನು ಮಾಡಿದರು ಗೊತ್ತೇ? ತಾವೂ ಮೊಣಕಾಲೂರಿ ಕುಳಿತರು. ಅವುಗಳಂತೆಯೇ ಮೈ ಕೆರೆದುಕೊಂಡರು, ಸೊಪ್ಪು ಕಿತ್ತು ಅಗಿದರು, ತೃಪ್ತಿಯಿಂದ ತೇಗುವಂತೆ ಅವು ಹೊರಡಿಸುವ ಸದ್ದನ್ನು ಅನುಕರಿಸಿದರು. ತಿಂಗಳುಗಳು ಕಳೆದವು, ವರ್ಷಗಳು ಕಳೆದವು. 1970ರಲ್ಲಿ ಒಂದು ದಿನ, ಅವರು ಪೀನಟ್ಸ್ ಎಂದು ಕರೆಯುತ್ತಿದ್ದ ಗಂಡು ಗೊರಿಲ್ಲಾ ಹತ್ತಿರ ಬಂದು ತನ್ನ ಬೆರಳುಗಳಿಂದ ಅವರ ಕೈ ಮುಟ್ಟಿತು. ಒಂದು ಕ್ಷಣದ ಆ ಸ್ಪರ್ಶಕ್ಕೆ ಮೂರು ವರ್ಷಗಳ ಕಾಯುವಿಕೆ ಬೇಕಾಯಿತು. ಉರ್ದುವಿನಲ್ಲಿ ನಾವು ಸಬ್ರ್ ಎಂದು ಕರೆಯುವ ಗುಣ ಇದೇ ಅಲ್ಲವೇ?

ನಮ್ಮ ಬೆರಳಚ್ಚಿನಂತೆ ಪ್ರತಿ ಗೊರಿಲ್ಲಾದ ಮೂಗಿನ ಗೆರೆಗಳು ಬೇರೆ ಬೇರೆ. ಅವುಗಳ ಚಿತ್ರ ಬರೆದು ಡಯಾನ್ ಒಂದೊಂದನ್ನೂ ಗುರುತಿಟ್ಟರು. ಪ್ರಾಯಕ್ಕೆ ಬಂದ ಹೆಣ್ಣುಗಳು ಗುಂಪು ಬದಲಾಯಿಸುವುದು, ಬೇರೆ ಗುಂಪಿನ ಗಂಡು ಮರಿಗಳನ್ನು ಕೊಲ್ಲುವುದು, ಅವುಗಳ ಕೂಗುಗಳ ಅರ್ಥ, ಇವನ್ನೆಲ್ಲ ದಾಖಲಿಸಿದರು. ನಡುವೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಾಡಿ ಡಾಕ್ಟರೇಟ್ ಪಡೆದರು. ವಿಜ್ಞಾನದಲ್ಲಿ ಅನುತ್ತೀರ್ಣರಾದ ವಿದ್ಯಾರ್ಥಿನಿ ಬೆಟ್ಟದ ದಾರಿಯಿಂದ ವಿಜ್ಞಾನದ ಬಾಗಿಲಿಗೆ ಬಂದರು.

ಡಿಜಿಟ್ ಸಾವು

ಕಾಡಿನಲ್ಲಿ ಜಿಂಕೆ ಜಾತಿಯ ಪ್ರಾಣಿಗಳಿಗಾಗಿ ಬೇಟೆಗಾರರು ಉರುಲು ಕಟ್ಟುತ್ತಿದ್ದರು. ಅದರಲ್ಲಿ ಗೊರಿಲ್ಲಾಗಳ ಕೈಕಾಲು ಸಿಕ್ಕಿ ಕೊಳೆತು ಅವು ಸಾಯುತ್ತಿದ್ದವು. ಮೃಗಾಲಯಗಳಿಗಾಗಿ ಮರಿ ಹಿಡಿಯುವವರು ಅಡ್ಡ ಬಂದ ದೊಡ್ಡವುಗಳನ್ನು ಕೊಲ್ಲುತ್ತಿದ್ದರು. 1969ರಲ್ಲಿ ಹೀಗೆ ಹಿಡಿದ ಎರಡು ಮರಿಗಳನ್ನು ಡಯಾನ್ ತಮ್ಮ ಗುಡಿಸಲಿನಲ್ಲಿಟ್ಟು ಶುಶ್ರೂಷೆ ಮಾಡಿ ಬದುಕಿಸಿದರು. ಆದರೂ ಅವನ್ನು ಜರ್ಮನಿಯ ಕಲೋನ್ ಮೃಗಾಲಯಕ್ಕೆ ಒಯ್ಯಲಾಯಿತು. 1978ರಲ್ಲಿ ಎರಡೂ ಅಲ್ಲಿಯೇ ಸತ್ತವು.

ಬೆರಳೊಂದು ಸೊಟ್ಟಗಾಗಿದ್ದ ಡಿಜಿಟ್ ಎಂಬ ಗೊರಿಲ್ಲಾವನ್ನು ಡಯಾನ್ ಮರಿಯಾಗಿದ್ದಾಗಿನಿಂದ ಬಲ್ಲವರು. 1977ರ ಡಿಸೆಂಬರ್ 31ರಂದು ಬೇಟೆಗಾರರು ನಾಯಿಗಳೊಡನೆ ಬಂದಾಗ ಡಿಜಿಟ್ ತನ್ನ ಗುಂಪಿಗೆ ಅಡ್ಡ ನಿಂತಿತು. ಗುಂಪು ಪಾರಾಯಿತು, ಡಿಜಿಟ್ ಭರ್ಜಿಗಳಿಗೆ ಬಲಿಯಾಯಿತು. ತಲೆ ಮತ್ತು ಕೈಗಳನ್ನು ಕತ್ತರಿಸಿ ಒಯ್ದಿದ್ದರು. ಈ ದುಃಖದಲ್ಲಿಯೇ ಡಯಾನ್ 1978ರಲ್ಲಿ ಡಿಜಿಟ್ ಹೆಸರಿನಲ್ಲಿ ನಿಧಿ ಸ್ಥಾಪಿಸಿ, ಉರುಲು ಕೀಳುವ ಕಾವಲು ತಂಡಗಳಿಗೆ ಹಣ ಕೂಡಿಸಿದರು. 1983ರಲ್ಲಿ ಪ್ರಕಟವಾದ ಅವರ ಪುಸ್ತಕ ಲೋಕದ ಕಣ್ಣು ತೆರೆಸಿತು.

ಎಡವಿದ್ದೆಲ್ಲಿ?

ಇನ್ನು ಕಹಿ ಮಾತು. ಡಿಜಿಟ್ ಸಾವಿನ ನಂತರ ಡಯಾನ್ ಅವರ ಕೋಪಕ್ಕೆ ಮಿತಿಯಿರಲಿಲ್ಲ. ಸಿಕ್ಕಿಬಿದ್ದ ಬೇಟೆಗಾರರನ್ನು ತುರಚೆ ಗಿಡದಿಂದ ಹೊಡೆಸಿದರು. ಅವರ ಗುಡಿಸಲುಗಳನ್ನು ನಾಶಮಾಡಿದರು. ಒಮ್ಮೆ ಬೇಟೆಗಾರನ ಮಗುವನ್ನೇ ಹಿಡಿದು ತಂದರು. ಅಂಗವಿಕಲ ಮಕ್ಕಳ ಸೇವೆ ಮಾಡಿದ ಕೈಗಳಿಂದಲೇ ಇದೂ ನಡೆಯಿತೆಂಬುದು ದುಃಖದ ಸಂಗತಿ.

ಬೆಟ್ಟದ ಕೆಳಗಿನ ಹಳ್ಳಿಗರ ಸ್ಥಿತಿಯನ್ನೂ ನೋಡಬೇಕು. ರುವಾಂಡಾ ಚಿಕ್ಕ ದೇಶ, ಜನ ಹೆಚ್ಚು, ಭೂಮಿ ಕಡಿಮೆ. ಕೀಟನಾಶಕಕ್ಕೆ ಬಳಸುವ ಪೈರೆಥ್ರಮ್ ಹೂವಿನ ಬೇಸಾಯಕ್ಕಾಗಿ 1960ರ ದಶಕದ ಕೊನೆಯಲ್ಲಿ ಉದ್ಯಾನದ ಸುಮಾರು 10,000 ಹೆಕ್ಟೇರ್ ಕಾಡನ್ನೇ ತೆಗೆಯಲಾಗಿತ್ತು. ಉರುಲು ಕಟ್ಟುವವರಲ್ಲಿ ಅನೇಕರು ಹೊಟ್ಟೆಪಾಡಿನ ಬಡವರು. ಅವರನ್ನು ಡಯಾನ್ ಶತ್ರುಗಳೆಂದೇ ಕಂಡರು. ಪ್ರವಾಸಿಗರನ್ನು ಕರೆತಂದು, ಅದರ ಆದಾಯದಿಂದ ಕಾಡನ್ನೂ ಊರನ್ನೂ ಉಳಿಸಬೇಕೆಂಬ ಯೋಜನೆ 1979ರಲ್ಲಿ ಆರಂಭವಾದಾಗ ಅದನ್ನು ವಿರೋಧಿಸಿದರು. ಮನುಷ್ಯರ ಕೆಮ್ಮು, ಶೀತ ಗೊರಿಲ್ಲಾಗಳಿಗೆ ಅಂಟುತ್ತದೆಂಬ ಅವರ ಆತಂಕ ಸುಳ್ಳಲ್ಲ. ಆದರೆ ನೆರೆಯವರನ್ನು ದೂರವಿಟ್ಟು ಕಾಡನ್ನು ಕಾಯುವುದು ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ.

1985ರ ಡಿಸೆಂಬರ್ 26ರ ರಾತ್ರಿ ಅವರ ಗುಡಿಸಲಿನಲ್ಲಿಯೇ ಅವರನ್ನು ಮಚ್ಚಿನಿಂದ ಕೊಲ್ಲಲಾಯಿತು. ಸಹಾಯಕರಾಗಿದ್ದ ಅಮೆರಿಕದ ಸಂಶೋಧಕರೊಬ್ಬರಿಗೆ ಅವರ ಗೈರುಹಾಜರಿಯಲ್ಲಿಯೇ ರುವಾಂಡಾದ ನ್ಯಾಯಾಲಯ ಶಿಕ್ಷೆ ವಿಧಿಸಿತು. ಅವರು ಆರೋಪವನ್ನು ನಿರಾಕರಿಸಿದರು. ಆ ತೀರ್ಪನ್ನು ಒಪ್ಪದವರು ಬಹಳ ಮಂದಿ. ಡಯಾನ್ ಅವರನ್ನು ಕರಿಸೋಕೆಯಲ್ಲಿ, ತಾವೇ ಗೊರಿಲ್ಲಾಗಳಿಗಾಗಿ ಮಾಡಿದ್ದ ಸ್ಮಶಾನದಲ್ಲಿ, ಡಿಜಿಟ್ ಪಕ್ಕದಲ್ಲಿ ಹೂಳಲಾಯಿತು. ಆಗ ಅವರಿಗೆ 53 ವರ್ಷ.

ಉಳಿದದ್ದೇನು?

ಷಾಲರ್ ಅವರ ಕಾಲದಲ್ಲಿ ಈ ವಿರುಂಗಾ ಪರ್ವತಗಳಲ್ಲಿ 400ರಿಂದ 500 ಗೊರಿಲ್ಲಾಗಳಿದ್ದವು ಎಂಬ ಅಂದಾಜಿತ್ತು. 1981ರ ಎಣಿಕೆಯ ಹೊತ್ತಿಗೆ ಸುಮಾರು 250ಕ್ಕೆ ಇಳಿದಿತ್ತು. ಹೆಣ್ಣು ಗೊರಿಲ್ಲಾ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕುವುದರಿಂದ ಒಂದೊಂದು ಸಾವೂ ದೊಡ್ಡ ನಷ್ಟವೇ. 1994ರಲ್ಲಿ ರುವಾಂಡಾದಲ್ಲಿ ನಡೆದ ಭೀಕರ ಜನಾಂಗೀಯ ಹತ್ಯಾಕಾಂಡದ ಕಾಲದಲ್ಲಿ ಕರಿಸೋಕೆ ಕೇಂದ್ರವೂ ನಾಶವಾಯಿತು. ಆದರೆ ಅಲ್ಲಿ ತರಬೇತಾದ ರುವಾಂಡಾದ ಜನರೇ ಮತ್ತೆ ಕಾಡಿಗೆ ಮರಳಿ ಕೆಲಸ ಮುಂದುವರಿಸಿದರು. 2015-16ರ ಎಣಿಕೆಯಲ್ಲಿ ವಿರುಂಗಾದ ಗೊರಿಲ್ಲಾಗಳು 604ಕ್ಕೆ ಏರಿದ್ದವು. ಉಗಾಂಡಾದ ಬ್ವಿಂಡಿ ಕಾಡಿನವೂ ಸೇರಿ ಸಾವಿರ ದಾಟಿದವು. 2018ರಲ್ಲಿ ಇವುಗಳನ್ನು ತೀವ್ರ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಲಾಯಿತು.

ಈ ಚೇತರಿಕೆಗೆ ಡಯಾನ್ ಆರಂಭಿಸಿದ ದಿನನಿತ್ಯದ ಕಾವಲು ಒಂದು ಕಾರಣ. ಅವರು ವಿರೋಧಿಸಿದ ಪ್ರವಾಸೋದ್ಯಮ ಇನ್ನೊಂದು ಕಾರಣ. ಒಂದು ಗುಂಪಿನ ಬಳಿಗೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ ಎಂಬ ನಿಯಮದಡಿ ಅದು ಬೆಳೆಯಿತು. 2017ರಲ್ಲಿ ರುವಾಂಡಾ ಸರ್ಕಾರ ಉದ್ಯಾನಗಳ ಆದಾಯದಲ್ಲಿ ಸುತ್ತಲಿನ ಹಳ್ಳಿಗಳ ಪಾಲನ್ನು ಶೇ. 10ಕ್ಕೆ ಏರಿಸಿತು. ಹಳ್ಳಿಗರಿಗೆ ಗೊರಿಲ್ಲಾ ಬದುಕಿದರೆ ಲಾಭ ಎಂದಾದಾಗ ಕಾವಲು ಗಟ್ಟಿಯಾಯಿತು.

ಪ್ರಿಯ ವಿದ್ಯಾರ್ಥಿಗಳೇ, ಅಂಕಪಟ್ಟಿಯಲ್ಲಿ ಒಂದು ಬಾಗಿಲು ಮುಚ್ಚಿದರೆ ಡಯಾನ್ ಅವರನ್ನು ನೆನಪಿಸಿಕೊಳ್ಳಿ. ಇನ್ನೊಂದು ಬಾಗಿಲಿಗೆ ದಾರಿ ಉದ್ದವಿರಬಹುದು, ಆದರೆ ದಾರಿ ಇದೆ. ನಾಳೆ ನಿಮ್ಮಲ್ಲಿ ಯಾರಾದರೂ ಕಾಡಿನ ಪ್ರಾಣಿಗಳ ಅಧ್ಯಯನಕ್ಕೆ ಹೊರಟರೆ ಅವರ ಸಹನೆಯನ್ನು ನಿಮ್ಮ ಜೊತೆ ಒಯ್ಯಿರಿ. ಗೊರಿಲ್ಲಾದ ಮುಂದೆ ಮೊಣಕಾಲೂರಿ ಕುಳಿತ ಅದೇ ಸಹನೆಯಿಂದ ಕಾಡಿನ ಅಂಚಿನ ಬಡವನ ಮನೆಯ ಮುಂದೆಯೂ ಕುಳಿತುಕೊಳ್ಳಿರಿ. ಡಯಾನ್ ಅವರಿಗೆ ಸಾಧ್ಯವಾಗದೆ ಉಳಿದದ್ದು ಅದೊಂದೇ. ಅದನ್ನು ಪೂರೈಸುವುದು ನಿಮ್ಮ ಪೀಳಿಗೆಯ ಕೆಲಸ.