ಪಟ್ಟಿಯಲ್ಲಿ ಅವರ ಹೆಸರೂ ಇತ್ತು

ಹೆಸರು ಫ್ರಾಂಕ್ ಚರ್ಚ್. ಪಾದ್ರಿ ಅಲ್ಲ, ಅಮೆರಿಕದ ಸೆನೆಟರ್. ನಮ್ಮ ಮೆಸೇಜುಗಳನ್ನ ಸರ್ಕಾರ ಓದ್ತಿದೆಯಾ ಅಂತ ಈಗ ನಾವೆಲ್ಲ ಕೇಳ್ತೀವಲ್ಲ, ಅದೇ ಪ್ರಶ್ನೆಯನ್ನು ಟೆಲಿಗ್ರಾಂ ಕಾಲದಲ್ಲೇ ತಮ್ಮ ಸರ್ಕಾರಕ್ಕೆ ಕೇಳಿದವರು ಇವರು.

ಹುಟ್ಟಿದ್ದು 1924ರಲ್ಲಿ, ಐಡಹೋ ರಾಜ್ಯದ ಬಾಯ್ಸಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಚೀನಾ-ಬರ್ಮಾ-ಭಾರತ ರಣರಂಗದಲ್ಲಿ ಸೇನಾ ಗುಪ್ತಚರ ಅಧಿಕಾರಿಯಾಗಿದ್ದರು. ಹಾಗಾಗಿ ದೇಶಕ್ಕೆ ಗುಪ್ತ ಮಾಹಿತಿ ಯಾಕೆ ಬೇಕು ಅನ್ನೋದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಯುದ್ಧ ಮುಗಿದು ಕಾನೂನು ಓದುವಾಗ ಕ್ಯಾನ್ಸರ್ ಬಂತು. ಇನ್ನು ಕೆಲವೇ ತಿಂಗಳು ಅಂದರು ಡಾಕ್ಟರು. ಆದರೆ ವಿಕಿರಣ ಚಿಕಿತ್ಸೆ ಫಲಿಸಿ ಬದುಕಿಕೊಂಡರು. 32ನೇ ವಯಸ್ಸಿಗೇ ಸೆನೆಟ್‌ಗೆ ಆಯ್ಕೆಯಾದರು. ಮುಂದೆ ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದರು.

1975ರಲ್ಲಿ ಗುಪ್ತಚರ ಸಂಸ್ಥೆಗಳ ತನಿಖೆಗೆ ಸೆನೆಟ್ ಒಂದು ಸಮಿತಿ ಮಾಡಿತು. ಚರ್ಚ್ ಅದರ ಅಧ್ಯಕ್ಷರು. ಆಗ ಹೊರಬಿದ್ದದ್ದೇ ಶ್ಯಾಮ್‌ರಾಕ್ ಯೋಜನೆ. 1945ರಿಂದಲೂ ಆರ್‌ಸಿಎ ಗ್ಲೋಬಲ್, ಐಟಿಟಿ ವರ್ಲ್ಡ್, ವೆಸ್ಟರ್ನ್ ಯೂನಿಯನ್ ಅನ್ನೋ ಮೂರು ಕಂಪನಿಗಳು ಅಂತರರಾಷ್ಟ್ರೀಯ ಟೆಲಿಗ್ರಾಂಗಳ ಪ್ರತಿಯನ್ನು ಸರ್ಕಾರಕ್ಕೆ ಕೊಡ್ತಾ ಬಂದಿದ್ದವು. ವಾರಂಟ್ ಏನೂ ಇರಲಿಲ್ಲ. ಮೊದಲು ಎಲ್ಲ ಕಾಗದ, ಫಿಲ್ಮು. 1960ರ ದಶಕದಲ್ಲಿ ಮ್ಯಾಗ್ನೆಟಿಕ್ ಟೇಪ್ ಬಂದ ಮೇಲೆ ಎನ್‌ಎಸ್‌ಎ ಸಂಸ್ಥೆಯ ಕಂಪ್ಯೂಟರೇ ಬೇಕಾದ ಹೆಸರುಗಳನ್ನ ಹುಡುಕಿ ಕೊಡ್ತಿತ್ತು. ಉತ್ತುಂಗದ ದಿನಗಳಲ್ಲಿ ತಿಂಗಳಿಗೆ 1,50,000 ಸಂದೇಶಗಳು ವಿಶ್ಲೇಷಕರ ಮೇಜಿಗೆ ಹೋಗ್ತಿದ್ದವು.

ಇದನ್ನು ಬಯಲು ಮಾಡಬೇಡಿ ಅಂತ ಶ್ವೇತಭವನ ಒತ್ತಡ ಹಾಕಿತು. ಚರ್ಚ್ ಜಗ್ಗಲಿಲ್ಲ, ನವೆಂಬರ್‌ನಲ್ಲಿ ಬಹಿರಂಗ ಸಭೆಯಲ್ಲೇ ವರದಿ ಓದಿದರು. ವಿದೇಶಿಯರ ಮಾತು ಕೇಳೋಕೆ ಕಟ್ಟಿದ ಯಂತ್ರವನ್ನ ಯಾವತ್ತಾದರೂ ಸ್ವಂತ ಜನರ ಮೇಲೇ ತಿರುಗಿಸಬಹುದು ಅನ್ನೋದು ಅವರ ಭಯವಾಗಿತ್ತು.

ಈ ತನಿಖೆಯ ಫಲವಾಗಿ 1978ರಲ್ಲಿ ಫೀಸಾ ಕಾಯ್ದೆ ಬಂತು. ವಿದೇಶಿ ಗುಪ್ತಚರದ ಹೆಸರಲ್ಲಿ ಅಮೆರಿಕದೊಳಗೆ ಕದ್ದಾಲಿಸೋಕೆ ವಿಶೇಷ ಕೋರ್ಟಿನ ಆದೇಶ ಬೇಕು ಅಂತಾಯ್ತು. ಆದರೆ ಆ ಕಾಯ್ದೆ ಕಾಪಾಡಲು ಹೊರಟಿದ್ದು ಮುಖ್ಯವಾಗಿ ಅಮೆರಿಕದ ಪ್ರಜೆಗಳನ್ನ, ಅಲ್ಲಿನ ಕಾಯಂ ನಿವಾಸಿಗಳನ್ನ. ಹೊರದೇಶದಲ್ಲಿ ಕೂತ ವಿದೇಶಿಯ ಖಾಸಗಿತನ ಅದರ ಲೆಕ್ಕಕ್ಕೆ ಬರಲಿಲ್ಲ.

ಚರ್ಚ್ 1980ರ ಚುನಾವಣೆಯಲ್ಲಿ ಸೋತರು. 1984ರಲ್ಲಿ ಮತ್ತೆ ಕ್ಯಾನ್ಸರ್, ಈ ಸಲ ಉಳಿಯಲಿಲ್ಲ. ವಯಸ್ಸು 59.

2008ರಲ್ಲಿ ಫೀಸಾಗೆ 702ನೇ ಸೆಕ್ಷನ್ ಸೇರಿತು. ಅದರ ಪ್ರಕಾರ ಹೊರದೇಶದಲ್ಲಿರುವ ವಿದೇಶಿಯರ ಸಂದೇಶಗಳನ್ನ ಅಮೆರಿಕದ ಕಂಪನಿಗಳಿಂದಲೇ ಪಡೀಬಹುದು, ಒಬ್ಬೊಬ್ಬರಿಗೂ ಬೇರೆ ಬೇರೆ ವಾರಂಟ್ ಬೇಕಿಲ್ಲ. ಇದರಡಿ ನಡೀತಿದ್ದ ಪ್ರಿಸ್ಮ್ ಕಾರ್ಯಕ್ರಮವನ್ನ 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ.

ಅದೇ ವರ್ಷ ಇನ್ನೊಂದು ಹಳೇ ದಾಖಲೆಯ ಗೌಪ್ಯತೆ ತೆರವಾಯಿತು. ಅದು ಎನ್‌ಎಸ್‌ಎ ವಿಯೆಟ್ನಾಂ ಕಾಲದಲ್ಲಿ ಕಣ್ಣಿಟ್ಟಿದ್ದವರ ಪಟ್ಟಿಯ ಕುರಿತದ್ದು. ಮಾರ್ಟಿನ್ ಲೂಥರ್ ಕಿಂಗ್, ಮಹಮ್ಮದ್ ಅಲಿ ಹೆಸರುಗಳ ಜೊತೆ ಅದರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಹೆಸರೂ ಇತ್ತು. ಅವರು ಪಟ್ಟ ಭಯ ಆಗಲೇ ನಿಜವಾಗಿತ್ತು, ಅದೂ ಅವರ ಮೇಲೇ. ಅವರಿಂದಾಗಿ ಅಮೆರಿಕನ್ನರಿಗೆ ಒಂದು ಕಾಯ್ದೆ ಸಿಕ್ಕಿತು. ಅಮೆರಿಕದ ಸರ್ವರ್‌ನಲ್ಲಿ ಮೇಲ್ ಇಟ್ಟುಕೊಂಡು ಇಲ್ಲಿ ಕೂತಿರೋ ನಾವು ಮಾತ್ರ ಆ ಕಾಯ್ದೆಯ ಕಣ್ಣಿಗೆ ಇನ್ನೂ ವಿದೇಶಿಯರೇ.